ಆಪರೇಶನ್ನಿಗೆ ಮೊದಲು ಹಿರಿಯರನ್ನು ಕೇಳಬೇಕಾದದ್ದು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಕದಂಬರಿಂದ ಆರಂಭಿಸಿ ಏಕೀಕರಣದವರೆಗೆ ಬರುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಬಲ್ಲವರು ಈಗಾಗಲೇ ಮಾತಾಡಿದ್ದಾರೆ. ನಾವು ವೈದ್ಯರು, ಅದರಲ್ಲಿಯೂ ಆಪರೇಶನ್ನಿನ ಹೊತ್ತಿಗೆ ಅರಿವಳಿಕೆ ಕೊಡುವ ವೈದ್ಯರು. ರೋಗಿಯೊಡನೆ ಹತ್ತು ನಿಮಿಷ ಮಾತಾಡಿ, ಆಮೇಲೆ ಅವನು ಮಾತಾಡದಂತೆ ನೋಡಿಕೊಳ್ಳುವುದೇ ನಮ್ಮ ಕಸುಬು. ಇಂಥವರನ್ನು ಭಾಷಣಕ್ಕೆ ಕರೆದ ಕಾರ್ಯದರ್ಶಿಗಳ ಧೈರ್ಯ ದೊಡ್ಡದು.

ಊರಿನಿಂದ ತಂದೆ ತಾಯಿಗಳನ್ನು ಆಪರೇಶನ್ನಿಗಾಗಿ ಈ ಮುಂಬಯಿಗೆ ಕರೆತರುವ ಮನೆಗಳು ನಮ್ಮ ಸಂಘದಲ್ಲಿ ಎಷ್ಟೋ ಇವೆ. ಮೊಣಕಾಲು, ಹರ್ನಿಯಾ, ಪಿತ್ತಕೋಶದ ಕಲ್ಲು, ಕೆಲವೊಮ್ಮೆ ಅದಕ್ಕಿಂತ ದೊಡ್ಡದು. ಆಸ್ಪತ್ರೆಗೆ ಬಂದ ಕೂಡಲೆ ರಕ್ತ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಎದೆಯ ಪಟ ತೆಗೆಯುತ್ತಾರೆ, ಹೃದಯದ ಪರೀಕ್ಷೆ ಮಾಡುತ್ತಾರೆ. ಎಲ್ಲ ಸರಿಯಿದ್ದರೆ ‘ಫಿಟ್’ ಎಂದು ಬರೆಯುತ್ತಾರೆ. ಆದರೆ ಎರಡು ಸಂಗತಿಗಳನ್ನು ಬಹಳ ಕಡೆಗಳಲ್ಲಿ ಯಾರೂ ನೋಡುವುದಿಲ್ಲ. ಮೈಯಲ್ಲಿ ತ್ರಾಣ ಎಷ್ಟು ಉಳಿದಿದೆ ಎಂಬುದೊಂದು. ನೆನಪು, ಬುದ್ಧಿ ಹೇಗಿದೆ ಎಂಬುದು ಇನ್ನೊಂದು. ಇವನ್ನು ನೋಡುವುದಕ್ಕೆ ಯಂತ್ರ ಬೇಡ, ಮಾತು ಬೇಕು. ಆ ಮಾತು ರೋಗಿಯ ಮಾತಾಗಿರಬೇಕು. ಇಷ್ಟನ್ನೇ ಹೇಳಲು ನಾವು ಬಂದಿರುವುದು. ಆದರೆ ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲವಾದ್ದರಿಂದ, ಕಲಿತ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಗದಗಿನ ಕಡೆಯ ಹಳ್ಳಿಯಿಂದ ಎಪ್ಪತ್ತೆಂಟು ವರ್ಷದ ಒಬ್ಬ ತಾಯಿ ಮೊಣಕಾಲಿನ ಕೀಲು ಬದಲಿಸಿಕೊಳ್ಳಲು ಬಂದರು. ಮಗ ಇಲ್ಲಿ ಒಳ್ಳೆಯ ಕೆಲಸದಲ್ಲಿದ್ದವರು, ತಾಯಿಯ ಮೇಲೆ ಪ್ರಾಣ ಇಟ್ಟವರು. ಅವತ್ತು ನಮ್ಮ ಮುಂದೆ ಮೂವತ್ತು ರೋಗಿಗಳ ಸಾಲು. ಸಹಾಯಕರು ಹಿಂದಿಯಲ್ಲಿ ಪ್ರಶ್ನೆ ಕೇಳಿ ಫಾರಂ ತುಂಬಿದ್ದರು. ಆ ತಾಯಿ ಎಲ್ಲದಕ್ಕೂ ನಕ್ಕು ತಲೆಯಾಡಿಸಿದ್ದರು. ನಾವು ಎರಡು ಪ್ರಶ್ನೆ ಕೇಳಿದೆವು. ಎರಡಕ್ಕೂ ಮಗನೇ ಉತ್ತರ ಕೊಟ್ಟರು. ಅವರ ಹಿಂದೆ ಗೋಡೆಗೆ ಒರಗಿ ಸೆರಗು ಹೊದ್ದ ಒಬ್ಬ ಹೆಂಗಸು ನಿಂತಿದ್ದರು. ಊರಿನ ಮನೆಯಲ್ಲಿ ಅತ್ತೆಯೊಡನೆ ಇರುವ ಹಿರಿಯ ಸೊಸೆ. ಅವರನ್ನು ನಾವು ಏನೂ ಕೇಳಲಿಲ್ಲ. ಕನ್ನಡದವರಾದ ನಾವೇ, ಕನ್ನಡದ ಮುದುಕಿಯ ಕಾಗದದ ಮೇಲೆ ಎಲ್ಲವೂ ಸರಿ ಎಂದು ಸಹಿ ಹಾಕಿದೆವು.

ಆಪರೇಶನ್ ಸೊಗಸಾಗಿ ಆಯಿತು. ಎರಡನೆಯ ರಾತ್ರಿ ಆ ತಾಯಿ ಕೈಗೆ ಹಾಕಿದ್ದ ಸೂಜಿ ಕಿತ್ತೆಸೆದು, ಹೊಸ ಕಾಲಿನಲ್ಲೇ ಮಂಚದಿಂದ ಇಳಿಯಹೊರಟರು. ಎತ್ತು ಬಿಚ್ಚಿಕೊಂಡು ಹೋಗಿವೆ, ಗ್ವಾದಲಿ ಬರಿದಾಗಿದೆ ಎಂದು ಕೂಗಿದರು. ತೀರಿಹೋಗಿ ಹನ್ನೆರಡು ವರ್ಷವಾಗಿದ್ದ ಯಜಮಾನರನ್ನು ಕರೆದರು. ಆ ಪಾಳಿಯ ನರ್ಸುಗಳಲ್ಲಿ ಒಬ್ಬಾಕೆ ಮರಾಠಿಯವಳು, ಇನ್ನೊಬ್ಬಳು ಮಲೆಯಾಳದವಳು. ಪಾಪ, ನೀರು ಕೇಳುತ್ತಿದ್ದಾರೆಂದು ನೀರು ಕೊಟ್ಟರು. ಕೊನೆಗೆ ಬೀಳಬಾರದೆಂದು ಕೈ ಕಟ್ಟಿದರು. ಬೆಳಿಗ್ಗೆ ಮಗ ಬಂದು ಆ ಕಟ್ಟಿದ ಕೈಗಳನ್ನು ನೋಡಿದರು. ನಮ್ಮನ್ನು ಅವರು ಬೈಯಲಿಲ್ಲ. ‘ಭಾನುವಾರ ಭಾನುವಾರ ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಿದ್ದಳಲ್ಲ ಡಾಕ್ಟರೇ, ನೀವು ಅವ್ವನಿಗೆ ಏನು ಕೊಟ್ಟಿರಿ?’ ಎಂದು ಮಾತ್ರ ಕೇಳಿದರು.

ಉತ್ತರ ಕೊಟ್ಟದ್ದು ಸೊಸೆ. ‘ಒಂದ ವರ್ಷದಿಂದ ಹಿಂಗ ಆಗೇತ್ರಿ. ಸಾರಿಗೆ ಎರಡೆರಡ ಸಲ ಉಪ್ಪ ಹಾಕ್ತಿದ್ರು. ಮುಂಜಾನೆ ಕೇಳಿದ್ದನ್ನ ಸಂಜಿಗೆ ಮತ್ತ ಕೇಳತಿದ್ರು. ಹೊಲದ ಹಾದಿ ಒಮ್ಮೆ ತಪ್ಪಿದ್ರು. ಹೇಳಿದ್ರ ಅತ್ತಿ ಮ್ಯಾಲೆ ಚಾಡಿ ಹೇಳಿದಂಗ ಆಗತೈತಿ ಅಂತ ಸುಮ್ಮನಿದ್ದೆ. ನೀವೂ ಕೇಳಲಿಲ್ಲಲ್ರಿ.’

ಆ ಕೊನೆಯ ಮಾತಿಗೆ ನಮ್ಮಲ್ಲಿ ಜವಾಬಿರಲಿಲ್ಲ.

ಆ ತಾಯಿಗೆ ಬಂದದ್ದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ‘ಸನ್ನಿ’. ಇಂಗ್ಲಿಷಿನಲ್ಲಿ ಡೆಲಿರಿಯಮ್ ಎನ್ನುತ್ತಾರೆ. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಮಿದುಳು ತನ್ನ ಹಿಡಿತವನ್ನು ಕೆಲವು ಗಂಟೆ ಅಥವಾ ಕೆಲವು ದಿನ ಕಳೆದುಕೊಳ್ಳುವುದು. ಗಳಿಗೆಗೊಂದು ಬಣ್ಣ, ಹಗಲು ನೆಟ್ಟಗೆ, ರಾತ್ರಿ ಕೆಟ್ಟದ್ದು. ಎಲ್ಲರೂ ಕೂಗಾಡುತ್ತಾರೆಂದೂ ಇಲ್ಲ. ಕೆಲವರು ಗೋಡೆಯ ಕಡೆ ಮುಖ ಮಾಡಿ ಸುಮ್ಮನೆ ಮಲಗುತ್ತಾರೆ, ಊಟ ಬೇಡ ಎನ್ನುತ್ತಾರೆ. ‘ಅಜ್ಜ ಶಾಂತವಾಗಿದ್ದಾರೆ’ ಎಂದು ಮನೆಯವರು ಸಮಾಧಾನಪಡುತ್ತಾರೆ. ಈ ಮೌನದ ಸನ್ನಿಯೇ ಹೆಚ್ಚಾಗಿ ಕಣ್ಣಿಗೆ ಬೀಳದೆ ಹೋಗುವುದು. ಯಾರಿಗೆ ಸನ್ನಿ ಬಂದೀತು ಎಂಬುದಕ್ಕೆ ಬಲವಾದ ಸೂಚನೆ ಯಾವುದೆಂದರೆ, ಮೊದಲೇ ನೆನಪಿನಲ್ಲಿ ಬಿರುಕು ಇದ್ದುದು. ಆ ಬಿರುಕನ್ನು ಆಪರೇಶನ್ ಮಾಡಿದ್ದಲ್ಲ. ಮುಚ್ಚಿದ್ದನ್ನು ತೆರೆದು ತೋರಿಸಿತು, ಕೆಲವೊಮ್ಮೆ ಅಗಲವನ್ನೂ ಮಾಡಿತು.

ಇದು ಹೊಸ ಸಂಗತಿಯೇನಲ್ಲ. 1955ರಲ್ಲಿಯೇ ಇಂಗ್ಲೆಂಡಿನ ಬೆಡ್‌ಫರ್ಡ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದರು. ಆಪರೇಶನ್ ಆದ ಮೇಲೆ ನಮ್ಮ ತಂದೆ ಮೊದಲಿನಂತೆ ಆಗಲೇ ಇಲ್ಲ ಎಂದು ಮನೆಯವರು ಮತ್ತೆ ಮತ್ತೆ ಹೇಳುವುದನ್ನು ಕೇಳಿ ಅವರು ಆ ಕೆಲಸಕ್ಕೆ ಕೈಹಾಕಿ, ಸಾವಿರಕ್ಕೂ ಮಿಕ್ಕಿ ಜನರ ವಿಚಾರ ತೆಗೆದರು. ಮನೆಯವರ ಮಾತನ್ನು ಗೊಣಗಾಟವೆಂದು ತಳ್ಳದೆ ಕಿವಿಗೊಟ್ಟ ಆ ವೈದ್ಯರನ್ನು ನಾವು ಆಗಾಗ ನೆನೆಯುತ್ತೇವೆ. 1998ರಲ್ಲಿ ಯೂರೋಪು ಮತ್ತು ಅಮೆರಿಕದ 13 ಆಸ್ಪತ್ರೆಗಳು ಸೇರಿ 60 ದಾಟಿದ 1218 ಜನರನ್ನು ದೊಡ್ಡ ಆಪರೇಶನ್ನಿಗೆ ಮೊದಲೂ ಆಮೇಲೂ ಪರೀಕ್ಷಿಸಿದುವು. ಒಂದು ವಾರದ ಹೊತ್ತಿಗೆ ನೂರರಲ್ಲಿ ಸುಮಾರು 26 ಜನರಿಗೆ, ಮೂರು ತಿಂಗಳ ಹೊತ್ತಿಗೆ ಸುಮಾರು 10 ಜನರಿಗೆ ನೆನಪು ಮತ್ತು ಚುರುಕು ಕುಗ್ಗಿದ್ದುವು. ಆಪರೇಶನ್ ಆಗದ ಅದೇ ವಯಸ್ಸಿನವರಲ್ಲಿ ಮೂರು ತಿಂಗಳಿಗೆ ಈ ಸಂಖ್ಯೆ ಮೂರನ್ನೂ ಮುಟ್ಟಲಿಲ್ಲ. ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ನೂರರಲ್ಲಿ ತೊಂಬತ್ತು ಮಂದಿ ಮೊದಲಿನಂತಾದರು ಎಂದೂ ಇದೇ ಲೆಕ್ಕ ಹೇಳುತ್ತದೆ. ಆ ಹತ್ತು ಮಂದಿ ಯಾರಾದಾರು ಎಂದು ಮುಂಚೆಯೇ ಕೊಂಚ ಊಹಿಸಬಹುದಾದಾಗ ಊಹಿಸದೆ ಬಿಡುವುದು ತಪ್ಪು, ಅಷ್ಟೆ.

ಈಗ ತ್ರಾಣದ ಮಾತು. ಇಂಗ್ಲಿಷಿನ ‘ಫ್ರೇಲ್ಟಿ’ ಎಂಬುದನ್ನು ನಾವು ‘ಮುಪ್ಪಿನ ನಿತ್ರಾಣ’ ಎನ್ನೋಣ. ಇದು ವಯಸ್ಸಿನ ಇನ್ನೊಂದು ಹೆಸರಲ್ಲ. ತೊಂಬತ್ತರಲ್ಲಿ ತೋಟ ಸುತ್ತುವವರಿದ್ದಾರೆ, ಅರವತ್ತೆಂಟಕ್ಕೆ ನಿತ್ರಾಣರಾದವರೂ ಇದ್ದಾರೆ. ಮನೆವಾರ್ತೆಯ ಹೋಲಿಕೆಯಲ್ಲಿ ಹೇಳುವುದಾದರೆ, ನಿತ್ಯದ ಖರ್ಚಿಗೆ ತಿಂಗಳ ಸಂಬಳ ಸಾಕಾಗುತ್ತದೆ. ಮನೆಯಲ್ಲಿ ಮದುವೆ ಬಂದಾಗ ಗಂಟು ಇದೆಯೋ ಇಲ್ಲವೋ ತಿಳಿಯುತ್ತದೆ. ಹೃದಯ, ಶ್ವಾಸಕೋಶ, ಮೂತ್ರಪಿಂಡ, ಮಾಂಸಖಂಡ ಎಲ್ಲದರಲ್ಲಿಯೂ ಹರೆಯದಲ್ಲಿ ಇಡಗಂಟಿರುತ್ತದೆ. ಮುಪ್ಪಿನಲ್ಲಿ ಅದು ಕರಗುತ್ತದೆ. ದಿನದ ಕೆಲಸ ನಡೆಯುತ್ತಿರುವುದರಿಂದ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆಪರೇಶನ್ ಎಂಬುದು ದೇಹಕ್ಕೆ ಬಂದ ಮದುವೆ. ಗಂಟಿಲ್ಲದ ಮನೆಯಲ್ಲಿ ಅದು ಸಾಲವಾಗುತ್ತದೆ. ಕೆಲವು ಸಾಲ ತೀರುವುದೇ ಇಲ್ಲ.

2001ರಲ್ಲಿ ಅಮೆರಿಕದ ಡಾ. ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಈ ನಿತ್ರಾಣಕ್ಕೆ ಐದು ಗುರುತು ಹೇಳಿದರು. ಬೇಕೆಂದು ಮಾಡದೆ ವರ್ಷದಲ್ಲಿ ನಾಲ್ಕೂವರೆ ಕಿಲೋ ಇಳಿಯುವುದು, ಏನು ಮಾಡಿದರೂ ದಣಿವು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಕೂಡಿದರೆ ನಿತ್ರಾಣ. ಒಂದೆರಡಿದ್ದರೆ ಅದರ ಹೊಸ್ತಿಲು. ಇವುಗಳಲ್ಲಿ ಕೆಲವನ್ನು ಅವರು ಅಳೆದದ್ದು ಯಂತ್ರದಿಂದ. ನಮ್ಮ ಮನೆಯ ಹೆಂಗಸರಿಗೆ ಯಂತ್ರ ಬೇಡ. ಕೈಬಳೆ ಮೊಳಕೈವರೆಗೆ ಜಾರುವುದು, ಕುಪ್ಪಸಕ್ಕೆ ಮತ್ತೆ ಹೊಲಿಗೆ ಹಾಕಬೇಕಾಗುವುದು, ಒಗೆದ ಸೀರೆ ಹಿಂಡಲು ಇನ್ನೊಬ್ಬರನ್ನು ಕರೆಯುವುದು, ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲಾರದೆ ಹೋಗುವುದು, ದೇವಸ್ಥಾನಕ್ಕೆ ಹೋಗಿ ಬರಲು ಎರಡು ಕಡೆ ಕೂಡುವುದು, ಇವೆಲ್ಲ ಅದೇ ಐದು ಗುರುತುಗಳೇ. ನೋಡಿದ್ದು ಸೊಸೆಯೋ ಮಗಳೋ. ಆಸ್ಪತ್ರೆಯಲ್ಲಿ ಬಾಯಿ ಬಿಡುವವನು ಮಗ. ಇಲ್ಲಿಯೇ ತೊಡಕು.

ಇನ್ನೊಂದು ಪರೀಕ್ಷೆ ನಮ್ಮ ಮುಂಬಯಿಯ ಖೋಲಿಗೆಂದೇ ಮಾಡಿದಂತಿದೆ. ಕುರ್ಚಿಯಲ್ಲಿ ಕೂತವರು ಎದ್ದು, ಮೂರು ಮೀಟರು ಅಂದರೆ ಸುಮಾರು ಹತ್ತಡಿ ನಡೆದು, ತಿರುಗಿ ಬಂದು ಕೂಡಬೇಕು. ಕೋಲು ಹಿಡಿಯುವವರು ಹಿಡಿಯಲಿ. ಗಡಿಯಾರ ನೋಡುವುದು ನಿಮ್ಮ ಕೆಲಸ. 2013ರಲ್ಲಿ ಅಮೆರಿಕದಲ್ಲಿ 65 ದಾಟಿದವರಿಗೆ ಆಪರೇಶನ್ನಿಗೆ ಮುಂಚೆ ಇದನ್ನೇ ಮಾಡಿಸಿ ನೋಡಿದರು. ದೊಡ್ಡ ಕರುಳಿನ ಆಪರೇಶನ್ ಆದವರಲ್ಲಿ, ಹತ್ತು ಸೆಕೆಂಡಿನೊಳಗೆ ಮುಗಿಸಿದವರಿಗೆ ನೂರಕ್ಕೆ 13ರಂತೆ ತೊಡಕುಗಳಾದುವು. ಹದಿನೈದೋ ಅದಕ್ಕಿಂತ ಹೆಚ್ಚೋ ಹಿಡಿದವರಿಗೆ ನೂರಕ್ಕೆ 77. ಕುರ್ಚಿ ಒಂದು, ಗಡಿಯಾರ ಒಂದು! ಲಕ್ಷಾಂತರ ರೂಪಾಯಿಯ ಯಂತ್ರ ಹೇಳದ್ದನ್ನು ಹೇಳಿದುವು. ಅದಕ್ಕೂ ಮೊದಲು, 2010ರಲ್ಲಿ, ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯವರು 594 ಹಿರಿಯರಲ್ಲಿ ಫ್ರೀಡರ ಐದು ಗುರುತುಗಳನ್ನು ನೋಡಿ, ನಿತ್ರಾಣರಿಗೆ ತೊಡಕಿನ ಸಾಧ್ಯತೆ ಎರಡೂವರೆ ಪಟ್ಟು ಎಂದು ಲೆಕ್ಕ ಹಾಕಿದ್ದರು. 2012ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಸಂಸ್ಥೆ ಮತ್ತು ವೃದ್ಧಚಿಕಿತ್ಸಕರ ಸಂಸ್ಥೆ ಸೇರಿ, ಹಿರಿಯರ ಆಪರೇಶನ್ನಿಗೆ ಮೊದಲು ನಿತ್ರಾಣವನ್ನೂ ನೆನಪನ್ನೂ ನೋಡಬೇಕೆಂದು ಸೂಚನೆ ಹೊರಡಿಸಿದುವು. ಕಾಗದದ ಮೇಲಿನ ಸೂಚನೆ ನಮ್ಮ ನಿಮ್ಮ ಓಣಿಯ ನರ್ಸಿಂಗ್ ಹೋಮಿಗೆ ಬರಲು ಎಷ್ಟು ಕಾಲ ಹಿಡಿಯುತ್ತದೆಂಬುದು ತಮಗೆ ಗೊತ್ತೇ ಇದೆ.

ನೆನಪಿನ ಪರೀಕ್ಷೆಗೆ ಬರೋಣ. ಆಸ್ಪತ್ರೆಯಲ್ಲಿ ಮಾಡಬಹುದಾದ ಚಿಕ್ಕ ಪರೀಕ್ಷೆಗೆ ‘ಮಿನಿ ಕಾಗ್’ ಎಂದು ಹೆಸರು, 2000ದಲ್ಲಿ ಬಂದದ್ದು. ಸಂಬಂಧವಿಲ್ಲದ ಮೂರು ಪದ ಹೇಳಿ ತಿರುಗಿ ಹೇಳಿಸುವುದು. ಆಮೇಲೆ ಗಡಿಯಾರದ ಮುಖ ಬರೆದು, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಇಡಿಸುವುದು. ಬಳಿಕ ಆ ಮೂರು ಪದ ಯಾವುವು ಎಂದು ಕೇಳುವುದು. ಪದಕ್ಕೊಂದರಂತೆ ಮೂರು ಅಂಕ, ಗಡಿಯಾರಕ್ಕೆ ಎರಡು. ಮೂರಕ್ಕೆ ಕಡಿಮೆ ಬಂದರೆ ಇನ್ನಷ್ಟು ವಿಚಾರಿಸಬೇಕು. ಇಷ್ಟಕ್ಕೇ ಮರೆವಿನ ರೋಗವೆಂದು ಹಣೆಪಟ್ಟಿ ಕಟ್ಟಕೂಡದು. ಮೂರು ನಿಮಿಷದ ಕೆಲಸ. 1975ರಿಂದ ಬಳಕೆಯಲ್ಲಿರುವ ಮೂವತ್ತು ಅಂಕದ ದೊಡ್ಡ ಪರೀಕ್ಷೆಯೂ ಒಂದಿದೆ. ತಾಯಿಯನ್ನು ಮನೆಯಲ್ಲಿ ಕೂಡಿಸಿಕೊಂಡು ಇಂಥ ಪರೀಕ್ಷೆ ಮಾಡಬೇಡಿ ಎಂದು ಮಾತ್ರ ಬೇಡಿಕೊಳ್ಳುತ್ತೇವೆ. ಮಕ್ಕಳಿಂದ ಫೇಲಾಗುವ ಸಂಕಟ ಯಾವ ತಾಯಿಗೂ ಬೇಡ.

ಈ ಪರೀಕ್ಷೆಗಳಲ್ಲಿ ಭಾಷೆಯ ಪಾಲು ಎಷ್ಟೆಂಬುದಕ್ಕೆ ಇನ್ನೊಂದು ಪ್ರಸಂಗ. ಕುಂದಾಪುರದ ಕಡೆಯ ಹಿರಿಯರೊಬ್ಬರು, ಎಂಬತ್ತೊಂದು ವರ್ಷ, ಕೋಟೆ ಭಾಗದಲ್ಲಿ ಐವತ್ತು ವರ್ಷ ಹೋಟೆಲು ನಡೆಸಿದವರು, ಹರ್ನಿಯಾಕ್ಕೆ ಬಂದರು. ತರುಣ ವೈದ್ಯರೊಬ್ಬರು ಶ್ರದ್ಧೆಯಿಂದಲೇ ನೆನಪಿನ ಪರೀಕ್ಷೆ ಮಾಡಿದರು, ಆದರೆ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಪದವೊಂದರ ಕಾಗುಣಿತವನ್ನು ಹಿಂದಿನಿಂದ ಹೇಳಿ ಎಂದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಮುಂಬಯಿಗೆ ಬಂದವರು ಏನು ಹೇಳಿಯಾರು? ಅಂಕ ಕಡಿಮೆ ಬಂತು. ಬುದ್ಧಿ ಕುಂದಿದೆ ಎಂದು ಬರೆದರು. ಮಗ ಕಂಗಾಲು. ನಾವು ಹೋಗಿ ನೋಡಿದರೆ, ಮೊದಲನೆಯದಾಗಿ ಅವರ ಶ್ರವಣಯಂತ್ರ ಮನೆಯಲ್ಲೇ ಉಳಿದಿತ್ತು. ಅದನ್ನು ತರಿಸಿ, ಕನ್ನಡದಲ್ಲಿ, ‘ಗಿರಾಕಿ ನೂರು ರೂಪಾಯಿ ಕೊಟ್ಟ, ಬಿಲ್ಲು ಏಳು, ಚಿಲ್ಲರೆ ಎಷ್ಟು? ಅದರಿಂದ ಮತ್ತೆ ಏಳು ಹೋದರೆ?’ ಎಂದೆವು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು ಎಂದು ನಾವು ಬೆರಳು ಮಡಿಚುವ ಮುಂಚೆ ಮುಗಿಸಿಬಿಟ್ಟರು. ಆಮೇಲೆ, ‘ಅಲ್ಲ ಮಾರಾಯ್ರೆ, ಏಳು ರೂಪಾಯಿಗೆ ಈಗ ಯಾವ ಹೋಟೆಲಿನಲ್ಲಿ ಎಂಥದ್ದು ಸಿಗ್ತದೆ?’ ಎಂದು ನಮ್ಮನ್ನೇ ಪ್ರಶ್ನಿಸಿದರು. ನಮ್ಮ ಅಂಕ ಅವತ್ತು ಸೊನ್ನೆ.

ಹೀಗೆ ಪರಭಾಷೆಯಲ್ಲಿ ನಡೆದ ಪರೀಕ್ಷೆ ಎರಡೂ ಬಗೆಯಲ್ಲಿ ಮೋಸ ಮಾಡುತ್ತದೆ. ಗದಗಿನ ತಾಯಿಯ ನಗು ಇದ್ದ ಬಿರುಕನ್ನು ಮುಚ್ಚಿತು. ಹೋಟೆಲಿನ ಯಜಮಾನರ ಮೌನ ಇಲ್ಲದ ಬಿರುಕನ್ನು ತೋರಿಸಿತು. ಇವತ್ತು ತಾರೀಖು ಎಷ್ಟು ಎಂದರೆ ನಮ್ಮ ಹಳ್ಳಿಯ ಅಜ್ಜಿ, ‘ಎಳ್ಳಮಾಸಿ ಮುಗದು ಮೂರ ದಿನ ಆತು’ ಎನ್ನುತ್ತಾಳೆ. ಪಂಚಾಂಗ ನೋಡಿದರೆ ಅದು ಸರಿಯಾಗಿಯೇ ಇರುತ್ತದೆ. ಫಾರಂ ತುಂಬುವವನಿಗೆ ಅದು ತಪ್ಪು ಉತ್ತರ. ಇದು ಯಾವ ಬಡಾವಣೆ, ಎಷ್ಟನೆಯ ಮಹಡಿ ಎಂದು ಕೇಳಿದರೆ, ಐದು ದಿನದ ಹಿಂದೆ ರೈಲಿನಿಂದ ಇಳಿದವಳಿಗೆ ಹೇಗೆ ಗೊತ್ತಾಗಬೇಕು? ಈ ಕಷ್ಟವನ್ನು ಬಲ್ಲವರು ದಿಲ್ಲಿಯ ಬಳಿಯ ಬಲ್ಲಭಗಢದಲ್ಲಿ ಓದುಬರಹ ಬಾರದ ಹಿಂದಿ ಮಾತಿನ ಹಿರಿಯರಿಗಾಗಿ ಒಂದು ಪರೀಕ್ಷೆ ರೂಪಿಸಿ 1995ರಲ್ಲಿ ಪ್ರಕಟಿಸಿದರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಐದು ಭಾಷೆಗಳಲ್ಲಿ ಬಂದಿದೆ; ಹಿಂದಿ, ಬಂಗಾಳಿ, ತೆಲುಗು, ಮಲೆಯಾಳ, ಕನ್ನಡ. ನಮ್ಮ ನುಡಿಯಲ್ಲಿ ಪರೀಕ್ಷೆ ಇಲ್ಲವೆಂಬ ನೆಪ ಈಗ ಉಳಿದಿಲ್ಲ. ಕನ್ನಡದಲ್ಲಿ ಕೇಳಿ ಎಂದು ಹೇಳುವ ಬಾಯಿ ಬೇಕು.

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮಗೆ ಮಾಡಿರುವ ಅಪಕಾರ ಸಣ್ಣದಲ್ಲ. ಮರೆವು ಕಂಡಾಗಲೆಲ್ಲ ಅದು ಮುಪ್ಪಿನ ಸಹಜ ಎಂದು ಕೈಬಿಡುತ್ತೇವೆ. 2023ರಲ್ಲಿ ಪ್ರಕಟವಾದ ನಮ್ಮ ದೇಶದ ದೊಡ್ಡ ಸಮೀಕ್ಷೆಯ ಅಂದಾಜಿನಂತೆ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಎಂದರೆ ಸುಮಾರು 88 ಲಕ್ಷ ಮಂದಿಗೆ, ಮರೆವಿನ ರೋಗವಿದೆ. ಅರವತ್ತು ದಾಟಿದ ಉಳಿದ ತೊಂಬತ್ತೆರಡು ಮಂದಿಗೆ ಇಲ್ಲ ಎಂಬುದನ್ನೂ ಇದೇ ಅಂಕೆ ಹೇಳುತ್ತದಲ್ಲವೆ? ಗಾದೆ ಸುಳ್ಳಾಯಿತು.

ಸರಿ, ಪರೀಕ್ಷೆ ಮಾಡಿದಿರಿ, ನಿತ್ರಾಣವೆಂದಿರಿ, ಮರೆವೆಂದಿರಿ. ಆಪರೇಶನ್ ಬೇಡವೆನ್ನುತ್ತೀರಾ ಎಂದು ತಾವು ಕೇಳಬಹುದು. ಹಾಗಲ್ಲ. ತೊಡೆಯ ಮೂಳೆ ಮುರಿದ ಅಜ್ಜಿಗೆ ಎಷ್ಟೇ ನಿತ್ರಾಣವಿರಲಿ, ಒಂದೆರಡು ದಿನದೊಳಗೆ ಆಪರೇಶನ್ ಮಾಡುವುದೇ ಮೇಲು. ಮಲಗಿಸಿ ಇಟ್ಟರೆ ಇನ್ನೂ ಕೇಡು. ಅಲ್ಲಿ ಪರೀಕ್ಷೆಯ ಉಪಯೋಗವೇನೆಂದರೆ, ಸನ್ನಿ ಬರಬಹುದೆಂದು ಮನೆಯವರೂ ವಾರ್ಡಿನವರೂ ಮುಂಚೆಯೇ ಸಿದ್ಧರಾಗುವುದು. ಅವಸರವಿಲ್ಲದ ಮೊಣಕಾಲಿನಂಥದಾದರೆ ಕೆಲವು ವಾರ ಮುಂದೂಡಿ, ಬೇಳೆ, ಮೊಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಕೊಟ್ಟು ಮೈ ಕೂಡಿಸಬಹುದು, ದಿನವೂ ನಡೆಸಬಹುದು, ಕುರ್ಚಿಯಿಂದ ಎದ್ದು ಕೂಡುವ ಅಭ್ಯಾಸ ಮಾಡಿಸಬಹುದು, ರಕ್ತ ಕಡಿಮೆಯಿದ್ದರೆ ಸರಿಮಾಡಬಹುದು. ಕೆಲವರಿಗೆ ಸಣ್ಣ ಆಪರೇಶನ್ ಸಾಕಾಗುತ್ತದೆ. ಕೆಲವರಿಗೆ, ಬೇಡವೆಂದು ಅವರೇ ಹೇಳುತ್ತಾರೆ. ಆ ಮಾತನ್ನು ಅವರಿಂದ ಕೇಳುವವರು ಬಹಳ ಕಡಿಮೆ. ‘ಅವ್ವನಿಗೆ ಏನೂ ಹೇಳಬೇಡಿ ಡಾಕ್ಟರೇ, ಹೆದರುತ್ತಾಳೆ’ ಎಂಬುದು ನಾವು ವಾರಕ್ಕೊಮ್ಮೆಯಾದರೂ ಕೇಳುವ ಮಾತು. ಮೈ ಅವ್ವನದು, ಸಹಿ ಮಗನದು!

ಬೆನ್ನಿಗೆ ಸೂಜಿ ಕೊಟ್ಟರೆ ತಲೆಗೆ ತೊಂದರೆಯಿಲ್ಲವಂತೆ, ಪೂರ್ತಿ ನಿದ್ದೆ ಬೇಡ ಎಂದು ಹಲವರು ನಮ್ಮನ್ನು ಒತ್ತಾಯಿಸುತ್ತಾರೆ. 2021ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ತೊಡೆಮೂಳೆ ಮುರಿದ 1600 ಜನರಲ್ಲಿ ಎರಡೂ ವಿಧಾನಗಳನ್ನು ತೂಗಿ ನೋಡಿದರು. ಸನ್ನಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಐವರಲ್ಲಿ ಒಬ್ಬರಿಗೆ. ಆದುದರಿಂದ ಆ ಜಗಳ ಬಿಟ್ಟು ಬೇರೆ ಸಂಗತಿ ಹೇಳಿದರೆ ನಮಗೆ ಉಪಕಾರ. ರಾತ್ರಿ ನಿದ್ದೆಯ ಮಾತ್ರೆ ತೆಗೆದುಕೊಳ್ಳುತ್ತಾರೆಯೆ? ನೆಗಡಿ, ತುರಿಕೆಯ ಮಾತ್ರೆ ನುಂಗುತ್ತಾರೆಯೆ? ಇವುಗಳಲ್ಲಿ ಕೆಲವು ಮುಪ್ಪಿನ ಮಿದುಳಿಗೆ ಮಂಕು ಕವಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಚೀಟಿಗಳನ್ನೂ ಡಬ್ಬಿಗಳನ್ನೂ ಚೀಲಕ್ಕೆ ಹಾಕಿ ತಂದು ತೋರಿಸಿ. ಸಂಜೆ ಒಂದಿಷ್ಟು ಮದ್ಯದ ರೂಢಿಯಿದ್ದರೆ ಅದನ್ನೂ ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟದ್ದು ಮೂರನೆಯ ದಿನ ವಾರ್ಡಿನಲ್ಲಿ ನಡುಕವಾಗಿ ಹೊರಬೀಳುತ್ತದೆ.

ಆಪರೇಶನ್ ಆದ ಮೇಲಿನ ಆರೈಕೆಗೆ ಬರುತ್ತೇವೆ. 1999ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾ. ಶ್ಯಾರನ್ ಇನೌಯಿ ಎಂಬ ಮಹಿಳೆ, 70 ದಾಟಿದ 852 ಒಳರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅವರು ಕೊಟ್ಟದ್ದು ಹೊಸ ಔಷಧವಲ್ಲ. ಕನ್ನಡಕ, ಶ್ರವಣಯಂತ್ರ ಕೊಡುವುದು, ದಿನ ವಾರ ಹೇಳಿ ಮಾತಾಡಿಸುವುದು, ಬೇಗ ಎಬ್ಬಿಸಿ ನಡೆಸುವುದು, ನೀರು ಕುಡಿಸುವುದು, ರಾತ್ರಿ ಸದ್ದು ಕಡಿಮೆ ಮಾಡಿ ಮಾತ್ರೆಯಿಲ್ಲದೆ ನಿದ್ದೆ ಬರಿಸುವುದು. ಸನ್ನಿ ನೂರಕ್ಕೆ 15ರಿಂದ 9.9ಕ್ಕೆ ಇಳಿಯಿತು. ಅವರು ಔಷಧ ವಿಭಾಗದ ರೋಗಿಗಳು. 2017ರಲ್ಲಿ ತೈವಾನಿನಲ್ಲಿ ಹೊಟ್ಟೆಯ ಆಪರೇಶನ್ ಆದ ಹಿರಿಯರಿಗೆ ಇದನ್ನೇ ಸಂಕ್ಷೇಪವಾಗಿ ಮಾಡಿದಾಗ 15.1ರಿಂದ 6.6ಕ್ಕೆ ಇಳಿಯಿತು. ಇನೌಯಿ ಅವರ ಪದ್ಧತಿಯಲ್ಲಿ ಹಾಸಿಗೆಯ ಪಕ್ಕ ಕೂಡುವವರಲ್ಲಿ ಬಹುಮಂದಿ ಸಂಬಳದವರಲ್ಲ, ಸ್ವಯಂಸೇವಕರು. ಮಾತಾಡಿಸುವುದಕ್ಕೆ ಅವರಿಗೆ ರೋಗಿಯ ಭಾಷೆ ಬರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ಈ ವಿದ್ಯೆ ತೀರ ಎಳೆಯದಲ್ಲ. ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರು 1978ರಲ್ಲಿಯೇ ವೃದ್ಧರಿಗೆಂದು ವಿಭಾಗ ತೆರೆದರು. ಆದರೆ ಅಂಥ ವೈದ್ಯರು ಎಲ್ಲ ಆಸ್ಪತ್ರೆಗಳಲ್ಲಿಯೂ ಸಿಗುವವರೆಗೆ, ಕುರ್ಚಿ ಗಡಿಯಾರಗಳ ಕೆಲಸವನ್ನು ನಮ್ಮಂಥವರೇ ಮಾಡಬೇಕಾಗಿದೆ.

ಗದಗಿನ ತಾಯಿಯ ಕಥೆ ಅರ್ಧದಲ್ಲಿ ಬಿಟ್ಟೆವು. ಸನ್ನಿ ಇಳಿಯಲು ಒಂಬತ್ತು ದಿನ ಹಿಡಿಯಿತು. ಮೊಣಕಾಲು ನೆಟ್ಟಗಾಯಿತು, ಊರಿಗೆ ಹೋದರು. ಹೋಗುವಾಗ ನಮ್ಮನ್ನು ಗುರುತು ಹಿಡಿದರು. ಮೊಮ್ಮಗನ ಹೆಸರು ಮಾತ್ರ ಮೂರು ಸಲ ಕೇಳಿದರು. ಎರಡು ವರ್ಷದ ಮೇಲೆ ಇನ್ನೊಂದು ಕಾಲಿನ ವಿಚಾರಕ್ಕೆ ಮಗ ಮತ್ತೆ ಕರೆತಂದರು. ಈ ಸಲ ನಾವು ಮಗನನ್ನು ಹೊರಗೆ ಚಹಾ ಕುಡಿಯಲು ಕಳಿಸಿ, ಸೊಸೆಯನ್ನು ಎದುರು ಕೂಡಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದೆವು. ಆಮೇಲೆ ಆ ತಾಯಿಯನ್ನೇ ಕೇಳಿದೆವು, ಕಾಲು ಸರಿಯಾದರೆ ಏನು ಮಾಡಬೇಕೆಂದಿದೆ ಎಂದು. ‘ಏನ ಮಾಡೋದೈತ್ರಿ, ಕಟ್ಟಿ ಮ್ಯಾಲ ಕುಂತ ಹಾದ್ಯಾಗ ಹೋಗವರನ್ನ ನೋಡೋದು. ಅದಕ್ಕ ಈ ಕಾಲ ಸಾಕ್ರಿ’ ಎಂದರು. ಹೊರಗಿನಿಂದ ಬಂದ ಮಗನಿಗೆ ಅದೇ ಮಾತನ್ನು ಅವರಿಂದಲೇ ಹೇಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಸಂಜೆಯ ಗಾಡಿಗೆ ಟಿಕೀಟು ಸಿಗುತ್ತದೆಯೋ ನೋಡುತ್ತೇನೆಂದು ಎದ್ದರು. ಆಪರೇಶನ್ ಆಗಲಿಲ್ಲ. ಒಂದು ಕೋಲು ಕೊಡಿಸಿದೆವು.

ಇನ್ನು ಸಂಘದವರಲ್ಲಿ ಒಂದು ಬೇಡಿಕೆ. ಆಸ್ಪತ್ರೆಯಲ್ಲಿ ಕನ್ನಡದ ಹಿರಿಯರ ಪಕ್ಕದಲ್ಲಿ ಸಂಜೆ ಆರರಿಂದ ಹತ್ತರವರೆಗೆ ಎರಡು ಮೂರು ದಿನ ಕೂತು ಮಾತಾಡುವವರು, ಪರೀಕ್ಷೆಯ ಹೊತ್ತಿಗೆ ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳಿಕೊಡುವವರು ಬೇಕಾಗಿದ್ದಾರೆ. ಧಾರವಾಡದ ಮಾತು ಬಲ್ಲವರು, ಕರಾವಳಿಯವರು, ತುಳು ಬಲ್ಲವರು ಎಲ್ಲರೂ ಬೇಕು. ಗ್ರಂಥಾಲಯದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ; ಹೆಸರು, ಬಿಡುವಿನ ವಾರ, ಮನೆಯ ಹತ್ತಿರದ ರೈಲು ನಿಲ್ದಾಣ ಬರೆದರೆ ಸಾಕು. ಸಭೆ ಶುರುವಾಗುವ ಮುಂಚೆ ನೋಡಿದಾಗ ಏಳು ಹೆಸರು ಬಂದಿದ್ದುವು. ಏಳೂ ಹೆಂಗಸರದೇ. ಗಂಡಸರು ಊಟಕ್ಕೆ ಹೋಗುವ ದಾರಿಯಲ್ಲಿಯೇ ಆ ಮೇಜು ಇದೆ.